ಘಟ್ಟ ಹತ್ತುವಾಗ ಚೆಕ್ ಇಂಜಿನ್ ದೀಪ ಬಂತು, ಏನು ಮಾಡಲಿ?

ಪ್ರಶ್ನೆ: ನನ್ನದು 9 ವರ್ಷದ ಪೆಟ್ರೋಲ್ ಕಾರು. ಮೊನ್ನೆ ಜೋರು ಮಳೆಯಲ್ಲಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಚೆಕ್ ಇಂಜಿನ್ ದೀಪ ಬಂತು. ಕಾರು ನಡುಗುತ್ತದೆ. ಮನೆಯಲ್ಲೇ ಏನಾದರೂ ನೋಡಬಹುದಾ?
– ಓದುಗರು, ಶಿರಸಿ

ಉತ್ತರ: ಖಂಡಿತ ನೋಡಬಹುದು. ಮೊದಲು ದೀಪ ಒಂದೇ ಸಮ ಉರಿಯುತ್ತಿದೆಯಾ, ಮಿನುಗುತ್ತಿದೆಯಾ ಗಮನಿಸಿ. ಮಿನುಗುತ್ತಿದ್ದರೆ ದಯವಿಟ್ಟು ಓಡಿಸಬೇಡಿ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಅದು ಹಾಗೇ ಹೊರಗೆ ಹೋಗಿ ಕೆಟಲಿಟಿಕ್ ಕನ್ವರ್ಟರನ್ನು (ಹೊಗೆ ಶುದ್ಧ ಮಾಡುವ ಭಾಗ) ಸುಟ್ಟು ಹಾಳು ಮಾಡುತ್ತದೆ, ಆಮೇಲೆ ಖರ್ಚು ಬಹಳ ಜಾಸ್ತಿ.

ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತಗೊಳ್ಳಿ. ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿದರೆ ಮೊಬೈಲಿನಲ್ಲೇ ಕೋಡ್ ಕಾಣುತ್ತದೆ. ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ), ಪಿ0302 ಅಂದರೆ ಎರಡನೆಯದು. ನಿಮ್ಮ ಕಾರಿನಲ್ಲಿ ಸಿಲಿಂಡರಿಗೊಂದು ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ಕರೆಂಟು ಕೊಡುವ ಭಾಗ) ಇದ್ದರೆ ಕೆಲಸ ಸುಲಭ. ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗಲು ಬಿಟ್ಟು, ಒಂದು ಮತ್ತು ಎರಡನೇ ಸಿಲಿಂಡರಿನ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ ಮತ್ತೆ ಸ್ಟಾರ್ಟ್ ಮಾಡಿ. ಪಿ0301 ಹೋಗಿ ಪಿ0302 ಬಂತು ಅಂದರೆ ಕೆಟ್ಟಿದ್ದು ಒಂದರಿಂದ ಎರಡಕ್ಕೆ ಹಾಕಿದ ಆ ಕಾಯಿಲೇ. ಅದೊಂದನ್ನೇ ಬದಲಿಸಿ. ಕೋಡ್ ಜಾಗ ಬಿಡದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ನಮ್ಮ ಕಡೆಯ ಮಳೆಗೆ ಪ್ಲಗ್ ಗುಂಡಿಯಲ್ಲಿ ನೀರು ನಿಂತಿರಲೂಬಹುದು, ಬಿಚ್ಚುವ ಮೊದಲೇ ಒಣಗಿಸಿ.

ಪೆಟ್ರೋಲ್ ಮುಚ್ಚಳ ಸಡಿಲವಾದರೂ ಕೆಲವು ಕಾರುಗಳಲ್ಲಿ ಈ ದೀಪ ಬರುತ್ತದೆ, ಆದರೆ ಅದರಿಂದ ಕಾರು ನಡುಗುವುದಿಲ್ಲ ಅಲ್ವಾ? ಸುಮ್ನೆ ಕೋಡ್ ಅಳಿಸಿ ಕೂರಬೇಡಿ, ದೋಷ ಇದ್ದರೆ ದೀಪ ಮತ್ತೆ ಬರುತ್ತದೆ. ಪ್ಲಗ್, ಕಾಯಿಲ್ ಎರಡೂ ಸರಿ ಇದ್ದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನೋಡಬೇಕು, ಅದನ್ನು ಗ್ಯಾರೇಜಿಗೇ ಬಿಡಿ.