500 ಪದದ ಪ್ರಬಂಧ 320ಕ್ಕೇ ನಿಂತುಹೋದರೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಕಾಲೇಜಿನಲ್ಲಿ 500 ಪದದ ಕನ್ನಡ ಪ್ರಬಂಧ ಕೇಳಿದ್ದಾರೆ, ಎಷ್ಟು ಎಳೆದರೂ 320 ದಾಟುತ್ತಿಲ್ಲ, 'ಮಾಡಬೇಕಾಗಿದೆ' ಎನ್ನುವುದು ಒಂದು ಪದವೋ ಮೂರು ಪದವೋ ಅಂತ ಕೇಳಿದ್ದೀರಿ. ನಾನು ಬೇಲೂರು ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ನಮ್ಮ ಹತ್ತನೇ ಕ್ಲಾಸಿನ ಮಕ್ಕಳೂ ಪ್ರತಿ ವರ್ಷ ಇದನ್ನೇ ಕೇಳುತ್ತಾರೆ.

ಒಂದೇ ಪದ. ಜಾಗ ಬಿಟ್ಟಲ್ಲಿಗೆ ಪದ ಮುಗಿಯಿತು. ಕಂಪ್ಯೂಟರಿನ ಲೆಕ್ಕವೂ ಅಷ್ಟೇ.

ಇದರಿಂದ ಕನ್ನಡದಲ್ಲಿ ಬರೆಯುವವರಿಗೆ ಸ್ವಲ್ಪ ನಷ್ಟವೇ. 'ನಾನು ನಿನ್ನೆ ಸಂತೆಗೆ ಹೋಗಿರಲಿಲ್ಲ' ಎಂದರೆ 4 ಪದ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ, 8 ಆಗುತ್ತದೆ. ಅಲ್ಲಿ ಬಿಡಿಬಿಡಿಯಾಗಿ ನಿಲ್ಲುವುದೆಲ್ಲ ನಮ್ಮಲ್ಲಿ ಪ್ರತ್ಯಯವಾಗಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಮೇಲೆ ಸಂಧಿ, ಸಮಾಸ ಬೇರೆ. ಇಂಗ್ಲಿಷ್ ಪ್ರಬಂಧದ ಅಂದಾಜಿನಲ್ಲಿ ವಿಷಯ ಜೋಡಿಸಿಕೊಂಡು ಕೂತರೆ ಕನ್ನಡದಲ್ಲಿ ನಡುದಾರಿಯಲ್ಲೇ ಸರಕು ಖಾಲಿ. ನಿಮಗೆ ಆಗಿರುವುದೂ ಇದೇ ಇರಬೇಕು.

ಕೆಲವು ಜಾಣರು 'ಮಾಡ ಬೇಕಾ ಗಿದೆ' ಎಂದು ಒಡೆದು ಬರೆಯುತ್ತಾರೆ. ವರ್ಡ್‌ನಲ್ಲಿ ಎರಡೂ ಕಡೆ ಜಾಗ ಬಿಟ್ಟು ಹಾಕಿದ ಅಡ್ಡಗೆರೆ ಕೂಡ ಒಂದು ಪದವಾಗಿ ಎಣಿಕೆಗೆ ಬರುತ್ತದೆ, ಅದನ್ನೂ ಕಂಡುಕೊಂಡಿದ್ದಾರೆ. ದಯವಿಟ್ಟು ಬೇಡ. ಓದುವವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಒಳ್ಳೆಯ ವಾಕ್ಯವನ್ನೂ ಅನುಮಾನದಿಂದಲೇ ನೋಡುತ್ತಾರೆ.

ಕೈಬರಹವಾದರೆ ಒಂದೊಂದೇ ಪದ ಎಣಿಸುತ್ತಾ ಕೂರಬೇಡಿ. ತುಂಬಿದ ನಾಲ್ಕು ಸಾಲು ಎಣಿಸಿ ಸರಾಸರಿ ತೆಗೆಯಿರಿ. ಸಾಲಿಗೆ 7 ಪದ, ಪುಟಕ್ಕೆ 24 ಸಾಲು ಎಂದರೆ 168. ಮೂರು ಪುಟಕ್ಕೆ ನಿಮ್ಮ 500 ಆಯಿತು.

ಇನ್ನು ಪ್ರಶ್ನೆಯಲ್ಲಿ ಏನಂತ ಬರೆದಿದ್ದಾರೆ ನೋಡಿ. 'ಕನಿಷ್ಠ 500' ಬೇರೆ, '500ಕ್ಕೆ ಮೀರದಂತೆ' ಬೇರೆ. ವಿದೇಶಕ್ಕೆ ಓದಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಎರಡನೇ ಬರಹಕ್ಕೆ ಕನಿಷ್ಠ 250 ಪದ ಬೇಕು. ಯುಪಿಎಸ್‌ಸಿ ಪ್ರಬಂಧ ಪತ್ರಿಕೆಯಲ್ಲಿ ಒಂದೊಂದು ಪ್ರಬಂಧಕ್ಕೆ 1000ದಿಂದ 1200, ಅದನ್ನು ಕನ್ನಡದಲ್ಲೂ ಬರೆಯಬಹುದು. ಬರೀ '500 ಪದಗಳಲ್ಲಿ' ಅಂತಿದ್ದರೆ ಹೆಚ್ಚುಕಮ್ಮಿ ಎಷ್ಟು ನಡೆಯುತ್ತದೆ ಎಂದು ನಿಮ್ಮ ಮೇಷ್ಟ್ರನ್ನೇ ಕೇಳಿ. ಕೇಳಿದರೆ ಮಾನ ಹೋಗುವುದಿಲ್ಲ. ನಾನು ಕೇಳದೆ ಕೆಟ್ಟವನು. ಪಿಯುಸಿಯಲ್ಲಿದ್ದಾಗ ಹಾಸನದಲ್ಲಿ ಒಂದು ಸ್ಪರ್ಧೆಗೆ ಹೋಗಿದ್ದೆ. 400 ಪದ ಮೀರಬಾರದು ಅಂತಿತ್ತು. ನಾನು ಅಡಿಷನಲ್ ಶೀಟ್ ಮೇಲೆ ಅಡಿಷನಲ್ ಶೀಟ್ ಇಸ್ಕೊಂಡು ಬರೆದೆ, ಪಕ್ಕದವರೆಲ್ಲ ತಿರುಗಿ ನೋಡುತ್ತಿದ್ದರು, ನನಗೆ ಖುಷಿಯೋ ಖುಷಿ. ಸಮಾಧಾನಕರ ಬಹುಮಾನವೂ ಬರಲಿಲ್ಲ. ಮಿತಿ ದಾಟಿದ ಮೇಲೆ ಓದಲೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ನನ್ನ ಒಳ್ಳೆಯ ಮಾತೆಲ್ಲ ಕೊನೆಯ ಎರಡು ಪುಟದಲ್ಲಿದ್ದವು! ನಮ್ಮ ತಾಲ್ಲೂಕಿನದೇ ಹಲ್ಮಿಡಿ ಶಾಸನ ಇದೆಯಲ್ಲ, ಸುಮಾರು ಕ್ರಿ.ಶ. 450ರದ್ದು, ಬರೀ 16 ಸಾಲು. ಯಾರಿಗೆ, ಯಾವ ಊರು, ಯಾತಕ್ಕೆ ಕೊಟ್ಟರು ಎಲ್ಲವೂ ಅಷ್ಟರಲ್ಲೇ ಇದೆ. ಕಲ್ಲು ಕೆತ್ತಿದವನಿಗೆ ಅಡಿಷನಲ್ ಶೀಟ್ ಸಿಗುತ್ತಿರಲಿಲ್ಲ.

ಸರಿ, ನಿಮ್ಮದು ಕಮ್ಮಿ ಬೀಳುವ ಕಷ್ಟ. 180 ಪದ ಎಲ್ಲಿಂದ ತರೋದು?

ಪೀಠಿಕೆಯಿಂದ ಅಂತೂ ಅಲ್ಲ. 'ಮಾನವ ಸಂಘಜೀವಿ' ಎಂದು ಶುರುವಾಗುವ ಪ್ರಬಂಧ ಓದಿ ಓದಿ ನಾನೇ ಸಂಘ ಬಿಟ್ಟು ಕಾಡಿಗೆ ಹೋಗೋಣ ಅನ್ನುವ ಹಾಗಾಗಿದೆ. ಒಂದೇ ಮಾತನ್ನು ಮೂರು ವಾಕ್ಯದಲ್ಲಿ ಹೇಳಿ, ಉಪಸಂಹಾರದಲ್ಲಿ ಇನ್ನೊಮ್ಮೆ ಹೇಳಿದರೆ ಪದ ಹೆಚ್ಚುತ್ತದೆ, ಅಂಕ ಹೆಚ್ಚುವುದಿಲ್ಲ.

ಒಂದು ವರ್ಷ 'ಕಾಡುಪ್ರಾಣಿ ಮತ್ತು ಮನುಷ್ಯರ ಸಂಘರ್ಷ' ಎನ್ನುವ ವಿಷಯ ಕೊಟ್ಟಿದ್ದೆ. ಆಲೂರು ಕಡೆಯ ಒಬ್ಬಳು ಹುಡುಗಿ ಕಾಡು ನಮ್ಮ ಉಸಿರು, ಕಾಡಿದ್ದರೆ ನಾಡು ಅಂತೆಲ್ಲ ಬರೆದು ಒಂದು ಪುಟಕ್ಕೇ ನಿಲ್ಲಿಸಿದ್ದಳು. 'ನಿಮ್ಮೂರಿಗೆ ಆನೆ ಬರಲ್ವೇನಮ್ಮಾ?' ಅಂದೆ. 'ಬರ್ತವೆ ಸಾರ್, ಹೋದ ತಿಂಗಳು ನಮ್ ಗದ್ದೇನೇ ತುಳಿದಾಕಿದ್ವು' ಅಂದಳು. ಮತ್ತೆ ಬರೆದಿಲ್ಲವಲ್ಲ? 'ಅದೂ ಪ್ರಬಂಧಕ್ಕೆ ಬರುತ್ತಾ ಸಾರ್?'

ಬರುತ್ತೆ. ಅದೇ ಬರಬೇಕಾದ್ದು. ಕೂರಿಸಿಕೊಂಡು ಕೇಳುತ್ತಾ ಹೋದೆ. ಯಾವ ಕಾಲದಲ್ಲಿ ಜಾಸ್ತಿ ಬರುತ್ತವೆ? ಭತ್ತ ತೆನೆಗಟ್ಟಿದಾಗ, ತೋಟದಲ್ಲಿ ಹಲಸು ಹಣ್ಣಾದಾಗ. ಬಂದದ್ದು ಹೇಗೆ ತಿಳಿಯುತ್ತದೆ? ಅರಣ್ಯ ಇಲಾಖೆಯವರ ಮೆಸೇಜು ಬರುತ್ತದೆ. ಅವತ್ತು ಅಪ್ಪ ಏನು ಮಾಡುತ್ತಾರೆ? ಕಾಫಿ ತೋಟಕ್ಕೆ ಆಳುಗಳು ಬರುತ್ತಾರಾ? ನೀನು ಬಸ್ ಸ್ಟ್ಯಾಂಡಿಗೆ ಹೇಗೆ ಹೋಗುತ್ತೀ? ಯಸಳೂರು ಹತ್ತಿರ 2023ರ ಡಿಸೆಂಬರಿನಲ್ಲಿ ಕಾಡಾನೆ ಸೆರೆಹಿಡಿಯಲು ಹೋದ ದಸರಾ ಆನೆ ಅರ್ಜುನ ಸತ್ತನಲ್ಲ, ಅದನ್ನು ಅವಳೇ ನೆನಪಿಸಿದಳು. ಎರಡನೇ ಸಲ ಬರೆದಾಗ ಪುಟ ನಾಲ್ಕಕ್ಕೆ ಹೋಗಿತ್ತು. ಆಮೇಲೆ ಕತ್ತರಿಸುವ ಕೆಲಸ.

ನೀವೂ ಹಾಗೇ ಮಾಡಿ. ನಿಮ್ಮ 320 ಪದದಲ್ಲಿ ಒಂದೊಂದು ವಾಕ್ಯದ ಮುಂದೆ ಪೆನ್ಸಿಲಿನಲ್ಲಿ 'ಯಾಕೆ?', 'ಹೇಗೆ?', 'ಎಲ್ಲಿ ನೋಡಿದ್ದೆ?' ಎಂದು ಬರೆಯಿರಿ. ಉತ್ತರ ಸಿಕ್ಕಲ್ಲಿ ಎರಡು ವಾಕ್ಯ ಸೇರಿಸಿ. ಸಿಗದಿದ್ದರೆ ಆ ವಾಕ್ಯವನ್ನೇ ಹೊಡೆದುಹಾಕಿ. ಮೊದಲು ಲೆಕ್ಕ 250ಕ್ಕೆ ಇಳಿಯಬಹುದು, ಹೆದರಬೇಡಿ.

ಅಂದಹಾಗೆ, ನಿಮ್ಮ ಪ್ರಬಂಧದ ವಿಷಯ ಏನು ಅಂತಲೇ ಬರೆದಿಲ್ಲ. ತಿಳಿಸಿ, ಇದರ ಕೆಳಗೇ ನಾಲ್ಕು ಪ್ರಶ್ನೆ ಹಾಕುತ್ತೇನೆ.