ಲೇಖನದಲ್ಲಿ ಲಿವರ್ ಕಾಣಲಿಲ್ಲ

ನಮಸ್ಕಾರ. ಬೈಕಿನ ಹ್ಯಾಂಡಲ್ ಲಿವರ್‌ನ ಅಂದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆಯಲ್ಲಿ ತೊಡಕಿಲ್ಲ. ಹೊಗಳಿಕೆ ಇಷ್ಟು ಸಾಕು ಅಲ್ವಾ? ನನಗೆ ಸಿಟ್ಟು ಬಂದದ್ದು ಎರಡನೇ ಪ್ಯಾರಾದಲ್ಲಿ.

"ಹಕ್ಕಿಯ ರೆಕ್ಕೆಯಂತೆ ಬಾಗಿದ ಈ ಮನಮೋಹಕ ಲಿವರ್..." ಎಲ್ಲಿ ಬಾಗಿದೆ? ಲಿವರ್ ತಿರುಗುವ ಪಿವೋಟ್ ಬೋಲ್ಟ್ ಪಕ್ಕದಲ್ಲೋ, ಬೆರಳು ಕೂರುವ ಜಾಗದಲ್ಲೋ? ಗ್ರಿಪ್ ಕಡೆಗೋ, ಆಚೆಗೋ? ಅಂಚು ಚೂಪೋ, ಉಜ್ಜಿ ದುಂಡು ಮಾಡಿದ್ದೋ? ಮನಮೋಹಕ ಅಂತ ಬರೆದುಬಿಟ್ಟರೆ ನನ್ನ ಕಣ್ಣಿಗೆ ಏನೂ ಬೀಳೋದಿಲ್ಲ.

"ತುದಿಯ ಉಂಡೆ ಕೇವಲ ಅಲಂಕಾರ." ಅಲ್ಲ ಮಾರಾಯರೇ! ಬೈಕ್ ಬಿದ್ದಾಗ ಲಿವರ್ ತುದಿ ಮೈಗೆ ಚುಚ್ಚಬಾರದು ಅಂತಲೇ ಅದನ್ನು ದುಂಡಗೆ ಮಾಡೋದು.

"ಬ್ರೇಕ್ ಹಗುರ ಮಾಡುವ ಈ ಬಾಗಿಗೆ ಅಮೆರಿಕದಲ್ಲಿ ಡಿಸೈನ್ ಪೇಟೆಂಟ್ ಸಿಕ್ಕಿದೆ." ಬ್ರೇಕ್ ಹಗುರವಾಗೋದು ಮುಖ್ಯವಾಗಿ ಎರಡು ದೂರಗಳ ಲೆಕ್ಕದಿಂದ. ಪಿವೋಟ್‌ನಿಂದ ಬೆರಳಿಗೆ ಒಂದು, ಪಿವೋಟ್‌ನಿಂದ ಬ್ರೇಕ್ ಎಳೆಯುವ ಕೇಬಲ್ಲಿಗೋ ಬ್ರೇಕ್ ಎಣ್ಣೆ ಒತ್ತುವ ಪಿಸ್ಟನ್ನಿಗೋ ಇನ್ನೊಂದು. ಡಿಸೈನ್ ಪೇಟೆಂಟ್ ಕೊಡೋದು ನೋಟಕ್ಕೆ. ಕೆಲಸ ಮಾಡುವ ರೀತಿಗೆ ಬೇರೆಯದೇ ಪೇಟೆಂಟ್ ಇದೆ. ಡಿಸೈನ್ ಪೇಟೆಂಟಿನಲ್ಲಿ ಕ್ಲೇಮ್, ಅಂದರೆ ಹಕ್ಕು ಕೇಳುವ ವಾಕ್ಯ, ಒಂದೇ ಒಂದು, ಅದೂ ಚಿತ್ರದಲ್ಲಿ ತೋರಿಸಿದ ಹಾಗೆ ಅನ್ನುವಷ್ಟೇ. 2015ರ ಮೇ 13ರಿಂದ ಈಚೆಗೆ ಅರ್ಜಿ ಹಾಕಿದ್ದಾದರೆ ಸಿಕ್ಕ ದಿನದಿಂದ 15 ವರ್ಷದ ಹಕ್ಕು. ನೀವೇ ಕಳಿಸಿದ ಚಿತ್ರ ಇನ್ನೊಮ್ಮೆ ನೋಡಿ: ಲಿವರ್ ಮಾತ್ರ ಪೂರ್ತಿ ಗೆರೆಯಲ್ಲಿದೆ, ಗ್ರಿಪ್ಪೂ ಹ್ಯಾಂಡಲ್ ಬಾರೂ ತುಂಡು ತುಂಡು ಗೆರೆಯಲ್ಲಿವೆ. ತುಂಡು ಗೆರೆಯದ್ದು ಹಕ್ಕಿನ ಹೊರಗೆ. ನೀವು ಸುಮ್ನೆ "ಇಡೀ ಜೋಡಣೆಗೆ ರಕ್ಷಣೆ" ಅಂತ ಬರೆದಿದ್ದೀರಿ.

ನಾನು ಕೆಲಸ ಕಲಿಯುವಾಗ ಒಬ್ಬರು ಹಿರಿಯ ಉಪಸಂಪಾದಕರಿದ್ದರು. ಯಾವ ವಸ್ತುವಿನ ಬಗ್ಗೆ ಬರೆದುಕೊಟ್ಟರೂ ಅದನ್ನು ಪಕ್ಕದ ಮೇಜಿನ ಚಿತ್ರಕಾರರಿಗೆ ಗಟ್ಟಿಯಾಗಿ ಓದಿ, ಕೇಳಿದ್ದಷ್ಟನ್ನೇ ಬಿಡಿಸಿ ಅನ್ನುತ್ತಿದ್ದರು. ಆ ಪುಣ್ಯಾತ್ಮ ಪೆನ್ಸಿಲ್ ಎತ್ತಿ "ಎಷ್ಟು ಉದ್ದ?" ಅಂತ ಕೇಳಿದರೆ ಮುಗೀತು, ಹಾಳೆ ವಾಪಸ್. ನಮಗೆಲ್ಲ ಜಾಸ್ತಿ ಕೋಪ ಬರುತ್ತಿದ್ದದ್ದು ಚಿತ್ರಕಾರರ ಮೇಲೇ, ಪಾಪ. ಅಳತೆ ಕೇಳುವ ಈ ಚಟ ನನಗೆ ಹತ್ತಿದ್ದು ಅಲ್ಲೇ.

ಎರಡನೇ ಪ್ಯಾರಾ ಪೂರ್ತಿ ಅಳಿಸಿ. ಬೈಕ್ ಪಕ್ಕ ನಿಂತು, ಲಿವರ್ ಹಿಡಿದು ನೋಡಿ, ಮತ್ತೆ ಬರೆಯಿರಿ. ಉಳಿದ ಪುಟಗಳ ಮಾತು ಆಮೇಲೆ ಆಡೋಣ.