ಹಳೆಯ ಲಾರಿಗೆ ಹೆದ್ದಾರಿಯಲ್ಲಿ ಎಷ್ಟು ಆರ್‌ಪಿಎಂ ಸುರಕ್ಷಿತ?

ತಲಪಾಡಿ–ಕಾಸರಗೋಡು ನಡುವಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ದುರಸ್ತಿ ಮಾಡಿಸಿದ ಹಳೆಯ ಡೀಸೆಲ್ ಲಾರಿಯನ್ನು ನಿರಂತರವಾಗಿ ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ) ಓಡಿಸಬಹುದೆಂದು ಕೇಳಿದ್ದೀರಿ. ಎಂಜಿನ್ನಿನ ಗರಿಷ್ಠ ಶಕ್ತಿ 2800 ಆರ್‌ಪಿಎಂನಲ್ಲಿ ದೊರೆಯುವುದಾದರೆ, ಅದರ ಶೇ. 70ರಿಂದ 75ರಷ್ಟನ್ನು, ಅಂದರೆ 2000ದ ಆಸುಪಾಸನ್ನು, ದೀರ್ಘ ಓಟದ ಮಿತಿಯೆಂದು ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಉಚಿತ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟುಗಳ ಮೇಲೆ ಬೀಳುವ ಜಡತ್ವದ ಬಲವು ಎಂಜಿನ್ ವೇಗದ ವರ್ಗಕ್ಕೆ (ಸ್ಕ್ವೇರ್‌ಗೆ) ಅನುಗುಣವಾಗಿ ಏರುವುದರಿಂದ, 2000ದಿಂದ 2800ಕ್ಕೆ ಹೋದಾಗ ಆ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದಶಕಗಳ ಕಾಲ ದುಡಿದ ಲೋಹಕ್ಕೆ ಇದು ಸಣ್ಣ ಹೊರೆಯಲ್ಲ.

ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಇಲ್ಲದಿದ್ದರೂ ಲೆಕ್ಕ ಹಾಕಬಹುದು: ಚಕ್ರವು ಒಂದು ಸುತ್ತಿಗೆ 3.1 ಮೀಟರ್ ಸಾಗುವುದಾಗಿದ್ದು, ಹಿಂದಿನ ಆಕ್ಸಲ್‌ನ ಕ್ರೌನ್–ಪಿನಿಯನ್ ಗೇರುಗಳ ಅನುಪಾತ 6 ಇದ್ದು, ಟಾಪ್ ಗೇರಿನ ಅನುಪಾತ 1 ಆಗಿದ್ದರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 1935 ಆರ್‌ಪಿಎಂನಲ್ಲಿರುತ್ತದೆ, 80ರಲ್ಲಿ 2580 ಮುಟ್ಟುತ್ತದೆ. ಏರಿನಲ್ಲಿ ಎಂಜಿನ್ ನಡುಗುವಷ್ಟು ಕಡಿಮೆ ಸುತ್ತಿನಲ್ಲಿ ಎಳೆಸುವುದೂ ಬೇರಿಂಗುಗಳಿಗೆ ಹಾನಿಕರ.

ನಿಜವಾದ ಅಪಾಯ ಇಳಿಜಾರಿನಲ್ಲಿದೆ. ಕೊಡಗಿನ ಭಾಗಮಂಡಲದಿಂದ ಕಾಸರಗೋಡು ಜಿಲ್ಲೆಯ ಪಾಣತ್ತೂರಿಗೆ ಇಳಿಯುವಾಗ, ಎಂಜಿನ್ ವೇಗಕ್ಕೆ ಮಿತಿ ಹಾಕುವ ಗವರ್ನರ್ ಡೀಸೆಲನ್ನಷ್ಟೇ ತಡೆಯಬಲ್ಲದು, ಚಕ್ರಗಳೇ ಎಂಜಿನ್ನನ್ನು ತಿರುಗಿಸಿ ಮಿತಿ ಮೀರಿಸುವುದನ್ನು ತಡೆಯಲಾರದು. ಆದ್ದರಿಂದ ಇಳಿತ ಆರಂಭವಾಗುವ ಮೊದಲೇ ಗೇರ್ ಇಳಿಸಿ, ಆಗಾಗ ಬ್ರೇಕ್ ಒತ್ತಿ, ಎಂಜಿನ್ ವೇಗವನ್ನು 2800ರ ಒಳಗೇ ಹಿಡಿದಿಡಬೇಕು.